ಏಳನೆಯ ತರಗತಿಯ ಹೆಚ್ಚುವರಿ ಹಾಜರಿ

ಸವದತ್ತಿಯ ಒಂದು ಖಾಸಗಿ ಶಾಲೆಯ ಆಫೀಸಿಗೆ ನಾನು ಕೆಲಸಕ್ಕೆ ಸೇರಿದಾಗ ಹಾಜರಿಯೆಲ್ಲ ಒಂದೇ ಎಕ್ಸೆಲ್ ಫೈಲಿನಲ್ಲಿತ್ತು. ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದ ಗುಮಾಸ್ತರು ತಾವೇ ಕಲಿತು ಮಾಡಿಟ್ಟದ್ದು. ಒಂದು ಬಟನ್ ಒತ್ತಿದರೆ ಅವರು ಬರೆದ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಂ ಓಡಿ, ಪ್ರತಿ ತರಗತಿಯ ಮೊತ್ತವನ್ನು ಒಪ್ಪವಾಗಿ ಕೊಡುತ್ತಿತ್ತು.

ಏಳನೆಯ ತರಗತಿಯಲ್ಲಿ ಮಾತ್ರ ಶಿಕ್ಷಕರ ಹಾಜರಿ ಪುಸ್ತಕಕ್ಕಿಂತ ಒಬ್ಬರು ಹೆಚ್ಚು. ಕೆಲವು ದಿನ ಮಾತ್ರ ಲೆಕ್ಕ ಸರಿ ಬರುತ್ತಿತ್ತು. ತಪ್ಪಿದ್ದರೆ ದಿನಾ ತಪ್ಪಬೇಕಲ್ಲ? ಆ ಹೆಚ್ಚಿನವರು ಯಾರೋ ಆಗೀಗ ಗೈರಾಗುತ್ತಿದ್ದಾರೆ ಎಂದು ಹೊಳೆದಾಗ ಮಧ್ಯಾಹ್ನದ ಊಟದ ಹೊತ್ತು. ಹೊರಗೆ ಮಕ್ಕಳ ಗದ್ದಲ.

ಅಡಗಿಸಿದ ಶೀಟುಗಳ ಪಟ್ಟಿಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಮ್ಯಾಕ್ರೋ ಬರೆಯುವ ವಿಂಡೋ ತೆರೆದೆ. ಅಲ್ಲಿಂದ ಮಾತ್ರ ಕಾಣುವಂತೆ ಮುಚ್ಚಿಟ್ಟ ಶೀಟೊಂದಿತ್ತು. ಒಬ್ಬಳೇ ಹುಡುಗಿ. ಒಂದನೆಯ ತರಗತಿಯಿಂದ ಹಾಜರಿ, ಅಂಕ, ವರ್ಷವರ್ಷದ ಎತ್ತರ. ಈ ವರ್ಷದ ಎತ್ತರವೂ ಇತ್ತು. ಅದನ್ನು ನಾನು ತುಂಬಿರಲಿಲ್ಲ. ತಂದೆಯ ಹೆಸರು ಆ ಗುಮಾಸ್ತರದು.

ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ.

"ಅವರ ಮಗಳು ಸಾಲಿಗೆ ಹೆಸರು ಹಚ್ಚೂಕಿಂತ ಮೊದಲ ಜ್ವರ ಬಂದು ತೀರಿಕೊಂಡ್ಲು. ಈ ಸಾಲ್ಯಾಗ ಆಕಿ ಒಂದಿನಾನೂ ಕುಂತಿಲ್ಲ."

ಭಾನುವಾರ ಗುಮಾಸ್ತರ ಊರಾದ ಕಟಕೋಳದ ಬಸ್ಸು ಹತ್ತಿದೆ. ಗುಮಾಸ್ತರು ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕುಳಿತಿದ್ದರು. ನಾನು ಶೀಟಿನ ವಿಷಯ ತೆಗೆದ ಕೂಡಲೇ ಕೈ ನಿಂತಿತು.

"ಈ ವಾರ ಎಷ್ಟ ದಿನ ಬಂದಿದ್ಲ್ರಿ?"

"ನಾಕ ದಿನ," ಎಂದುಬಿಟ್ಟೆ.

"ಎತ್ತರಾ ಯಾರು ತುಂಬತಾರ್ರಿ?" ಎಂದು ಕೇಳಿದೆ.

"ವರ್ಗದಾಗಿನ ಹುಡುಗ್ಯಾರದ್ದೆಲ್ಲಾ ಕೂಡಿಸಿ ಮ್ಯಾಕ್ರೋನ ಸರಾಸರಿ ತಗೀತೈತ್ರಿ. ಉಳದವರು ಬೆಳದಂಗ ಆಕೀನೂ ಬೆಳೀತಾಳ."

"ಮತ್ತ ಗೈರಹಾಜರಿ?"

"ದಿನಾ ತಪ್ಪದ ಬರೂ ಕೂಸು ಎಲ್ಲಿ ಇರತೈತ್ರಿ? ಯಾವತ್ತ ಬರೂದಿಲ್ಲ ಅನ್ನೂದು ನನಗೂ ಗೊತ್ತಾಗಬಾರದಂತ ಮ್ಯಾಕ್ರೋಕ್ಕ ಬಿಟ್ಟಿದ್ನಿ. ಮುಂಜಾನೆ ಫೈಲ್ ತಗದು, ಬಂದಾಳೋ ಇಲ್ಲೋ ನೋಡತಿದ್ನಿ."

ಶಾಲೆಯ ದಾಖಲೆಯಲ್ಲಿ ಇದು ಇರಬಾರದು ಎಂದೆ. ಅವರು ತಲೆಯಾಡಿಸಿದರು. "ಗೊತ್ತೈತ್ರಿ. ನಮ್ಮ ಸಾಲಿ ಏಳನೇ ವರ್ಗದ ತನಕಾನ. ಮುಂದಿಂದು ನಾ ಬರದೂ ಇಲ್ಲ."

ವರ್ಷ ಮುಗಿಯುವವರೆಗೆ ಇರಲಿ ಎಂದವಳು ನಾನೇ. ಅಲ್ಲಿಯವರೆಗೆ ಮೊತ್ತವನ್ನು ಕೈಯಿಂದ ತಿದ್ದುತ್ತಿದ್ದೆ. ದಿನಾ ಬೆಳಿಗ್ಗೆ ಫೈಲು ತೆರೆದು ಮೊದಲು ಆ ಶೀಟನ್ನೇ ನೋಡುತ್ತಿದ್ದೆ. ಫೆಬ್ರವರಿಯಲ್ಲಿ ಒಮ್ಮೆ ಸತತ ಮೂರು ದಿನ ಅವಳು ಬರಲಿಲ್ಲ. ಆ ಮೂರು ದಿನ ನನಗೆ ಊಟ ರುಚಿಸಲಿಲ್ಲ.

ಪರೀಕ್ಷೆಗಳು ಮುಗಿದ ಮೇಲೆ ಪ್ರಿಂಟ್ ತೆಗೆದುಕೊಂಡು ಶೀಟನ್ನು ಅಳಿಸಿದೆ. ಹಾಳೆಗಳನ್ನು ಕಟಕೋಳಕ್ಕೆ ಒಯ್ದು ಕೊಟ್ಟೆ. ಗುಮಾಸ್ತರು ಕೊನೆಯ ಸಾಲು ಓದಿ ಎದ್ದು ನಿಂತು, ತಮ್ಮ ಭುಜದ ಮಟ್ಟಕ್ಕೆ ಗಾಳಿಯಲ್ಲಿ ಅಂಗೈ ಚಾಚಿದರು.

"ಇಷ್ಟ ಎತ್ತರ ಆಗತಿದ್ಲಲ್ರಿ?"

ಹೌದೆಂದೆ. ಅವರು ಕೈ ಇಳಿಸಲಿಲ್ಲ. ಬಾಗಿಲಿಗೆ ಹೋಗಲು ನಾನು ಆ ಕೈಯ ಮುಂದೆಯೇ ಹಾಯಬೇಕಿತ್ತು. ಗೋಡೆಗೆ ಸರಿದು, ಆ ಜಾಗವನ್ನು ಬಿಟ್ಟು ಹೊರಗೆ ನಡೆದೆ.