ಎಂಟನೆಯ ಮಾಳಿಗೆಯ ಭಜನೆ ಕೋಣೆ

ಮುಂಬಯಿ ಹತ್ತಿರದ ಡೊಂಬಿವಲಿಯ ಚಾಳ್ ಎಂಬ ವಠಾರಕ್ಕೆ ಸೊಸೆಯಾಗಿ ಬಂದ ವೇದಾವತಿಯಮ್ಮನಿಗೆ ಬಾಗಿಲು ಮುಚ್ಚಿ ಬದುಕಿ ಗೊತ್ತಿರಲಿಲ್ಲ. ಗಂಡ ರಘುಪತಿಯ ಹೋಟೆಲು ಕೈಹಿಡಿದು, ಠಾಣೆಯ ಎತ್ತರದ ಕಟ್ಟಡದಲ್ಲಿ ಹದಿನಾಲ್ಕನೆಯ ಮಾಳಿಗೆಯ ಫ್ಲ್ಯಾಟು ಕೊಂಡಾಗ ಉಡುಪಿಯ ನೆಂಟರೆಲ್ಲ ಅವರ ಭಾಗ್ಯವನ್ನು ಹೊಗಳಿದ್ದೇ ಹೊಗಳಿದ್ದು. ಆ ಭಾಗ್ಯದಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ ಎಂಬುದು ಅವರಿಗೆ ಮಾತ್ರ ಗೊತ್ತು.

ಆಗ ಕಣ್ಣಿಗೆ ಬಿದ್ದದ್ದು ಎಂಟನೆಯ ಮಾಳಿಗೆಯ ಖಾಲಿ ಜಾಗ. ಬೆಂಕಿ ಬಿದ್ದು ಕೆಳಗಿಳಿಯಲಾಗದಿದ್ದರೆ ಜನ ಬಂದು ನಿಲ್ಲಲೆಂದು ಮೆಟ್ಟಿಲ ಪಕ್ಕದಲ್ಲೇ, ಗಾಳಿಗೆ ತೆರೆದು ಕಟ್ಟಿದ್ದು. ಗೋಡೆಯ ಮೇಲೆ ಕೆಂಪಕ್ಷರದಲ್ಲಿ 'ರೆಫ್ಯೂಜ್ ಏರಿಯಾ' ಎಂದು ಬರೆದೂ ಇತ್ತು. ಬರೆದರೇನು, ಮುಂಬಯಿ ಸುತ್ತಮುತ್ತ ಖಾಲಿ ಜಾಗ ಖಾಲಿಯಾಗಿ ಉಳಿದದ್ದುಂಟೇ? ವೇದಾವತಿಯಮ್ಮ ಕೃಷ್ಣನ ಪಟವೊಂದನ್ನು ತೂಗುಹಾಕಿ ಶುಕ್ರವಾರದ ಭಜನೆ ಶುರುಮಾಡಿದರು. ಹಿಂದೆಯೇ ಜಮಖಾನ ಬಂತು, ಹಾರ್ಮೋನಿಯಂ ಬಂತು, ಅದನ್ನಿಡಲು ಕಪಾಟು ಬಂತು, ಕಟ್ಟಡದ ಸೊಸೈಟಿಯ ಗಣಪತಿ ಮಂಟಪದ ಸಾಮಾನೂ ಬಂದು ಸೇರಿತು. ಪಾರಿವಾಳದ ಕಾಟಕ್ಕೆ ಗ್ರಿಲ್ಲು, ಕಳ್ಳರ ಭಯಕ್ಕೆ ಬೀಗ. ಮೈಸೂರಿನ ಭಾಗೀರಥಿ, ಮರಾಠಿ ಹೆಂಗಸರು, ಮೂರನೆಯ ಮಾಳಿಗೆಯ ಗುಜರಾತಿ ಅಜ್ಜಿ, ಎಲ್ಲರೂ ತಾಳ ಹಿಡಿದು ಕೂತರು. ಲಿಫ್ಟಿನಲ್ಲಿ ಮುಖ ತಿರುಗಿಸುತ್ತಿದ್ದವರು 'ವೇದಾ ಮಾವ್ಶಿ', ವೇದಾ ಚಿಕ್ಕಮ್ಮ, ಎಂದು ಕರೆಯತೊಡಗಿದರು. ಆ ಕೋಣೆ ಅವರಿಗೆ ಪ್ರಾಣವಾಯಿತು.

ಹೋದ ಬೇಸಗೆಯ ಒಂದು ಮಧ್ಯಾಹ್ನ ಆರನೆಯ ಮಾಳಿಗೆಯಲ್ಲಿ ಕರೆಂಟಿನ ವೈರುಗಳು ಹೊತ್ತಿಕೊಂಡು ಮೆಟ್ಟಿಲ ತುಂಬ ಕಪ್ಪು ಹೊಗೆ ಏರಿತು. ಮೇಲಿನವರೆಲ್ಲ ಕೆಮ್ಮುತ್ತ ಎಂಟಕ್ಕೆ ಇಳಿದು ನಿಂತರು. ವೇದಾವತಿಯಮ್ಮನೂ ಬಂದರು. ಬೀಗ ಅವರ ಮುಂದಿತ್ತು, ಕೀಲಿ ಮನೆಯಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೇ ಹೊರಗೆ ಕೈಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ಹತ್ತನೆಯ ಮಾಳಿಗೆಯ ನಿಶಾ, ತುಂಬು ಬಸುರಿ, ಗ್ರಿಲ್ಲಿನ ಸರಳುಗಳಿಗೆ ಮುಖ ಒತ್ತಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಭಾಗೀರಥಿಯ ಗಂಡ ನಂಜುಂಡ, ಬೆಂಕಿ ಆರಿಸುವ ಸಿಲಿಂಡರಿನಿಂದ ಬೀಗವನ್ನು ಜಜ್ಜಿ ಒಡೆದರು. ಒಳಗೆ ಕಪಾಟು, ಮಂಟಪದ ಕಂಬಗಳ ಸಂದಿಯಲ್ಲಿ ಜನ ಒಬ್ಬರ ಮೇಲೊಬ್ಬರು ತುರುಕಿಕೊಂಡು ನಿಂತರು. ಅಗ್ನಿಶಾಮಕ ದಳದವರು ಬಂದರು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ.

ಯಾರೂ ವೇದಾವತಿಯಮ್ಮನನ್ನು ಬಯ್ಯಲಿಲ್ಲ. ಬೈದಿದ್ದರೆ ಮನಸ್ಸು ಎಷ್ಟೋ ಹಗುರವಾಗುತ್ತಿತ್ತು. ಸೊಸೈಟಿಯ ಮೀಟಿಂಗಿನಲ್ಲಿ ಕೃಷ್ಣನೇ ಕಾಪಾಡಿದ ಎಂದು ಕೈಮುಗಿದರು, ವಾಚ್‌ಮನ್ ಹತ್ತಿರ ಇನ್ನೊಂದು ಕೀಲಿ ಇಟ್ಟರಾಯಿತು ಎಂದರು. ಆ ಜಾಗ ಮುಚ್ಚಿಟ್ಟದ್ದಕ್ಕೆ ಸೆಕ್ರೆಟರಿಗೆ ಒಳಗೊಳಗೇ ಅಳುಕು. ಆದರೂ "ಭಗವಾನ್ ಕೋ ಹಾಥ್ ಕೌನ್ ಲಗಾಯೇಗಾ?" ದೇವರಿಗೆ ಕೈ ಹಚ್ಚುವವರು ಯಾರು, ಎಂದು ಕೈಚೆಲ್ಲಿದರು. ಒಮ್ಮೆ ಕೂತ ದೇವರನ್ನು ಎಬ್ಬಿಸುವ ಎದೆ ಯಾರಿಗಿದೆ? ಕೂರಿಸಿದವರೇ ಎಬ್ಬಿಸಬೇಕು.

ಮರುದಿನ ಬೆಳಿಗ್ಗೆ ವೇದಾವತಿಯಮ್ಮ ಸ್ನಾನ ಮಾಡಿ ಎಂಟಕ್ಕೆ ಇಳಿದರು. ಆರತಿ ಎತ್ತಿ, ಪಟವನ್ನು ಗೋಡೆಯಿಂದ ಇಳಿಸಿ ಎದೆಗೆ ಒತ್ತಿಕೊಂಡರು. ಗ್ರಿಲ್ಲು ಕೀಳಲು ಕೆಲಸದವರನ್ನೂ ಅವರೇ ಕರೆಸಿದ್ದರು. ಸದ್ದು ಕೇಳಿ ಭಾಗೀರಥಿ ಓಡಿ ಬಂದರು.

"ಅಲ್ರೀ ವೇದಾವತಿಯವ್ರೇ, ಏನ್ ಮಾಡ್ತಿದೀರಾ? ಇನ್ನೊಂದು ಕೀ ಮಾಡಿಸಿದ್ರೆ ಸಾಕಿತ್ತಲ್ವಾ? ನಿಮ್ಮನೆ ಹಾಲ್‌ನಲ್ಲಿ ಇಷ್ಟು ಜನ ಹಿಡಿಯಲ್ಲ. ಮತ್ತೆ ಎಲ್ರೂ ಬಾಗಿಲು ಹಾಕ್ಕೊಂಡು ಕೂರ್ತಾರೆ."

"ಕೂರ್ತಾರೆ. ನಂಗೆ ಗೊತ್ತುಂಟು," ಎಂದು ವೇದಾವತಿಯಮ್ಮ ಪಟದ ಗಾಜಿಗೆ ಹಿಡಿದಿದ್ದ ಮಸಿಯನ್ನು ಸೆರಗಿನಿಂದ ಒರೆಸಿದರು. "ಕೃಷ್ಣನಿಗೆ ನಮ್ಮ ಮನೆ ಉಂಟು ಮಾರಾಯ್ತಿ. ಹೊಗೆ ಬಂದ ದಿನ ಆ ಬಸುರಿ ಹುಡುಗಿಗೆ ಇದ್ದದ್ದು ಇದೊಂದೇ ಜಾಗ. ಆ ಜಾಗಕ್ಕೆ ನಾನು ಬೀಗ ಹಾಕಿ ಇಟ್ಟಿದ್ದೆ."

 ಭಾಗೀರಥಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾರ್ಮೋನಿಯಂ ಎತ್ತಿಕೊಂಡು ಅವರ ಹಿಂದೆಯೇ ಮೆಟ್ಟಿಲು ಹತ್ತಿದರು.