ಭಾವನ ಎಲೆಯ ಒಬ್ಬಟ್ಟು

ನಮ್ಮ ಭಾವ, ಅಂದ್ರೆ ಅಕ್ಕನ ಗಂಡ, ಕಾಫಿಗೆ ಬೆಣ್ಣೆ ಹಾಕ್ಕೊಂಡು ಕುಡಿದದ್ದನ್ನ ನಾನು ಕಣ್ಣಾರೆ ಕಂಡಿದೀನಿ. ಹೆತ್ತೂರು ಕಡೆ ಮೂರು ತಲೆಮಾರಿಂದ ಕಾಫಿ ಬೆಳೆದ ಮನೆ ಅದು. ಹಾಲಿಲ್ಲ, ಬೆಲ್ಲ ಇಲ್ಲ, ಕರೀ ಡಿಕಾಕ್ಷನ್ ಮೇಲೆ ನಿಂಬೆಗಾತ್ರದ ಬೆಣ್ಣೆ. ಅದನ್ನ ಸೊರ್ ಅಂತ ಹೀರಿ, ಮೀಸೆ ಒರೆಸ್ಕೊಂಡು, ಇದಕ್ಕೆ ಕೀಟೋ ಅಂತಾರೆ ಕಣೋ ಅಂದ್ರು. ಇನ್ಮೇಲೆ ಅಕ್ಕಿರೊಟ್ಟಿ ಇಲ್ಲ, ಕಡುಬು ಇಲ್ಲ, ಅನ್ನ ಮುದ್ದೆ ಯಾವುದೂ ಇಲ್ಲ. ಬೆಣ್ಣೆ, ಪನೀರು, ಕಾಯಿ, ಸೊಪ್ಪು, ಅಷ್ಟೇ. ಥೂ, ಕಾಫಿ ಗಿಡಕ್ಕೂ ನಾಚಿಕೆ ಆಗುತ್ತೆ ಅಂದು ನಾನು ಎದ್ದು ಬಂದೆ.

ಗುರು ಯಾರು ಅಂದ್ರೆ ಫೋನಿನೊಳಗಿನ ಒಬ್ಬ ಆಸಾಮಿ. ಬಿಗಿ ಬನಿಯನ್ನು, ಹೊಳೆಯೋ ಹಲ್ಲು. ಅವನ ಮಾತು ಭಾವನಿಗೆ ವೇದವಾಕ್ಯ. ಅದಕ್ಕೂ ಮೊದಲು ಹಾಗಲಕಾಯಿ ರಸ ಇತ್ತು, ಅದಕ್ಕೂ ಮೊದಲು ಇಬ್ಬನಿ ಮೇಲೆ ಬರಿಗಾಲಲ್ಲಿ ನಡೆಯೋದಿತ್ತು. ಆರಂಭಶೂರ ಅಂದ್ರೆ ಇವರೇ. ಎಲ್ಲಾ ಮುಂದಿನ ಹಬ್ಬದ ತನಕ.

ತಮಾಷೆ ಮಾಡೋಕೆ ಸರಿ, ಆದ್ರೆ ಭಾವನಿಗೆ ಸಕ್ಕರೆ ಕಾಯಿಲೆ ಐತೆ. ದಿನಾ ಎರಡು ಹೊತ್ತು ಮಾತ್ರೆ. ಆ ಮಾತ್ರೆ ಬರೆದ ದಿನ ಸಕಲೇಶಪುರದ ಡಾಕ್ಟರ ಮುಂದೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ನಾನೇ. ಇದನ್ನ ನುಂಗಿ ಊಟ ತಪ್ಪಿಸಿದ್ರೆ ಸಕ್ಕರೆ ಸರ್ರನೆ ಇಳಿದು ಪ್ರಾಣಕ್ಕೆ ಬರುತ್ತೆ, ಊಟ ಬದಲಾಯಿಸೋದಾದ್ರೆ ಮೊದಲು ನಂಗೆ ಹೇಳಿ ಅಂತ ಅವರು ಅಂದದ್ದು ಭಾವನಿಗೆ ಮರೆತುಹೋಗಿತ್ತು. ನನಗೆ ಮರೆತಿರಲಿಲ್ಲ. ಪ್ರತಿ ತಿಂಗಳು ಪೇಟೆಯಿಂದ ಆ ಮಾತ್ರೆ ತಂದುಕೊಡೋನೂ ನಾನೇ.

ಮೂರು ವಾರಕ್ಕೆ ಭಾವನ ಪಂಚೆ ಸಡಿಲ ಆಯ್ತು. ಅಕ್ಕ ಹಿಗ್ಗಿದಳು. ನನಗೆ ಮೈ ಉರೀತು. ಆ ತಿಂಗಳ ಮಾತ್ರೆ ಕೊಡುವಾಗ, ಡಾಕ್ಟರಿಗೆ ಒಂದು ಮಾತು ಕೇಳಿ ಭಾವ ಅನ್ನೋದು ನಾಲಿಗೆ ತುದಿಗೆ ಬಂತು. ನುಂಗಿಬಿಟ್ಟೆ. ಕೇಳಿದ್ರೆ ಡಾಕ್ಟರು ಮಾತ್ರೆ ಸರಿ ಮಾಡ್ತಾರೆ, ಇವರು ಇನ್ನೂ ಮೆರೀತಾರೆ. ಒಂದ್ಸಲ ಬೀಳಲಿ, ಬುದ್ಧಿ ಬರಲಿ ಅನ್ನಿಸ್ತು. ನಿಜ ಹೇಳ್ಬೇಕಂದ್ರೆ, ಅವರು ಬೀಳೋದನ್ನ ನೋಡೋಕೆ ನಾನು ಕಾಯ್ತಿದ್ದೆ.

ಆನೇಮಹಲಿನಲ್ಲಿ ನಂಟರ ಗೃಹಪ್ರವೇಶ. ಊಟಕ್ಕೆ ಕೂರೋ ಮೊದಲು ಭಾವ ತಪ್ಪದೆ ಮಾತ್ರೆ ನುಂಗಿದ್ರು. ಅನ್ನ ಬಂದಾಗ ಎಲೆಗೆ ಕೈ ಅಡ್ಡ ಹಿಡಿದ್ರು. ಬಡಿಸೋನು ಬಿಡಬೇಕಲ್ಲ, ಎರಡು ಒಬ್ಬಟ್ಟು ಹಾಕಿಯೇ ಹೋದ. ನಮ್ಮವರಲ್ಲಿ ಎಲೆಗೆ ಬಿದ್ದದ್ದು ಪ್ರಸಾದ, ಬಿಟ್ಟು ಏಳೋ ಹಾಗಿಲ್ಲ. ಭಾವ ಅತ್ತಿತ್ತ ನೋಡಿ, ಊಟ ಶುರು ಮಾಡೋ ಮೊದಲೇ ಎರಡನ್ನೂ ಮೆಲ್ಲಗೆ ನನ್ನ ಎಲೆಗೆ ದಾಟಿಸಿದ್ರು. ಆಮೇಲೆ ಪಲ್ಯಕ್ಕೆ ತುಪ್ಪ ಹುಯ್ಯಿಸ್ಕೊಂಡು ಅದನ್ನೇ ಮೆದ್ದರು. ಕರ್ಮ ಅಂದ್ಕೊಂಡು ನಾನು ನನ್ನ ಎರಡು, ಅವರ ಎರಡು, ನಾಲ್ಕೂ ಹೊಡೆದೆ. ರುಚಿಯಾಗಿತ್ತು.

ವಾಪಸ್ ಬರುವಾಗ ಜೀಪು ಭಾವನೇ ಓಡಿಸ್ತಿದ್ರು. ನಾನು ಪಕ್ಕದಲ್ಲಿ, ಅಕ್ಕ ಹಿಂದೆ. ಸಕಲೇಶಪುರ ದಾಟಿ ಹೆತ್ತೂರು ರಸ್ತೆಗೆ ಬಿದ್ದ ಮೇಲೆ ಭಾವನ ಕತ್ತಿನಲ್ಲಿ ಬೆವರು. ಚಳಿಗಾಲದಲ್ಲಿ ಬೆವರು! ತುಪ್ಪ ಕರಗ್ತಾ ಐತೆ ಅಂತ ನಾನು ನಕ್ಕೆ. ಅಕ್ಕ ಏನೋ ಕೇಳಿದ್ಲು, ಅವರು ಇನ್ನೇನೋ ಉತ್ತರ ಕೊಟ್ರು. ಅದಕ್ಕೂ ನಕ್ಕೆ. ತಿರುವಿನಲ್ಲಿ ಜೀಪು ತಿರುಗಲೇ ಇಲ್ಲ, ನೇರ ಹೋಗಿ ತೋಟದ ಬೇಲಿಗೆ ನುಗ್ಗಿ ನಿಂತ್ಕೊಳ್ತು. ಇನ್ನು ನಾಲ್ಕು ಮಾರು ಮುಂದೆ ಬೇಲಿ ಇಲ್ಲ, ಇಳಿಜಾರು. ಭಾವ ಸ್ಟೇರಿಂಗ್ ಹಿಡಿದ ಹಾಗೇ ನಡುಗ್ತಾ ಕೂತಿದ್ರು. ಕಣ್ಣು ಬಿಟ್ಟಿದ್ರು, ಆದ್ರೆ ನಾವು ಯಾರೂ ಕಾಣ್ತಿರಲಿಲ್ಲ.

ತಾಂಬೂಲದ ಚೀಲದಲ್ಲಿದ್ದ ಕಲ್ಲುಸಕ್ಕರೆ, ಬಾಳೆಹಣ್ಣು ಅಕ್ಕನೇ ಅವರ ಬಾಯಿಗಿಟ್ಟಳು. ಒಂದಷ್ಟು ಹೊತ್ತಿಗೆ, ಎಲ್ಲಿದೀವಿ ಅಂತ ಅವರು ಕೇಳಿದ್ಮೇಲೆ ನಾನೇ ಜೀಪು ತಿರುಗಿಸ್ಕೊಂಡು ಆಸ್ಪತ್ರೆಗೆ ಹೋದೆ.

ಮಾತ್ರೆ ಬರೆದ ಅದೇ ಡಾಕ್ಟರು. ಕೀಟೋವನ್ನ ಬೈತಾರೆ ಅಂತ ಕಾದೆ, ಅದೂ ಇಲ್ಲ. ಮಾತ್ರೆ ಕಮ್ಮಿ ಮಾಡಿ, ಆಗಾಗ ರಕ್ತ ನೋಡ್ಕೊಂಡು, ಕೆಲವರಿಗೆ ಕೆಲವು ಕಾಲ ಒಗ್ಗಬಹುದು ಅಂದ್ರು. ಜನ್ಮಪೂರ್ತಿ ಹೀಗೇ ತಿಂದ್ರೆ ಏನಾಗುತ್ತೆ ಅನ್ನೋದು ತಮಗೂ ಗೊತ್ತಿಲ್ಲವಂತೆ, ಈ ಊರಲ್ಲಿ ರೊಟ್ಟಿ ಬಿಟ್ಟು ಎಷ್ಟು ದಿನ ಇರ್ತೀರೋ ನೀವೇ ಹೇಳ್ಬೇಕು ಅಂದ್ರು. ಆಮೇಲೆ ದನಿ ಗಟ್ಟಿ ಆಯ್ತು. ಮಾತ್ರೆ ಮೊದಲಿನಷ್ಟೇ ನುಂಗ್ತಾ ಅನ್ನ ಬಿಟ್ಟಿದ್ದು ಮನೇಲಿ ಒಬ್ಬರಿಗೂ ತಪ್ಪು ಅನ್ನಿಸಲಿಲ್ವಾ ಅಂತ ಕೇಳಿದ್ರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ದೆ.

ಭಾವ ಮಂಚದ ಮೇಲಿಂದಲೇ ನನ್ನ ಕಡೆ ಕೈ ತೋರಿಸಿದ್ರು. ಆ ದನಿಯಲ್ಲಿ ಕುಹಕ ಇರಲಿಲ್ಲ, ಬರೀ ನಂಬಿಕೆ ಇತ್ತು.

"ಮಾತ್ರೆ ತರೋನೇ ನಮ್ಮ ಭಾಮೈದ, ಡಾಕ್ಟ್ರೇ. ನೀವು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡಿದಾನೆ. ನನ್ನ ಪ್ರತಿಯೊಂದಕ್ಕೂ ಬೈಯ್ಯೋನು ಇವ್ನು. ತಪ್ಪಾಗಿದ್ರೆ ಹೇಳದೆ ಬಿಡ್ತಿದ್ನಾ?"