ಮೊದಲಿನವಳ ಅಳತೆ

ನಮ್ಮ ಚಿಕ್ಕಪ್ಪ ದರ್ಜಿ. ದಾರಿಯಲ್ಲಿ ಹೋಗುವವರನ್ನು ಕಂಡರೆ ಸಾಕು, ಎದೆ ಇಷ್ಟು, ತೋಳು ಇಷ್ಟು ಎಂದು ಹೇಳಿಬಿಡುತ್ತಾನೆ. ಒಮ್ಮೆ ಚರ್ಚಿಗೂ ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಬಂದಿದ್ದ. ಅಂದಿನಿಂದ ಬೀದಿಯವರಿಗೆಲ್ಲ ಅವನು ‘ಟೇಪು’.

ಚಿಕ್ಕಮ್ಮ ತೀರಿಕೊಂಡ ಮೇಲೆ ಆಸ್ಪತ್ರೆಯ ಆಯಾ ಒಬ್ಬಳನ್ನು ಮದುವೆಯಾದ. ಮೂರು ವರ್ಷವಾದರೂ ನಮ್ಮ ಬಾಯಲ್ಲಿ ಅವಳು ‘ಹೊಸ ಚಿಕ್ಕಮ್ಮ’. ಮನೆಯಲ್ಲಿ ಮಾತ್ರ ಎಲ್ಲವೂ ಹಳೆಯದೇ. ಕುರ್ಚಿ ಕಿಟಕಿಯ ಪಕ್ಕ, ಲೋಟ ಎಡಗಡೆಯ ಕಪಾಟಿನಲ್ಲಿ. ಅವಳು ಜಾಗ ಬದಲಿಸಿದರೆ ಚಿಕ್ಕಪ್ಪ ತುಟಿಪಿಟಕ್ಕೆನ್ನದೆ ಮೊದಲಿದ್ದಲ್ಲೇ ಇಡುತ್ತಿದ್ದ. ಜಗಳವಾಡಿದ್ದರೂ ಚೆನ್ನಾಗಿತ್ತು, ಇಬ್ಬರೂ ಮುಖ ಊದಿಸಿಕೊಂಡು ಓಡಾಡುವುದನ್ನು ನೋಡಿ ನೋಡಿ, ಅದೇ ಮನೆಯಲ್ಲಿದ್ದ ನನಗೆ ತಲೆ ಚಿಟ್ಟುಹಿಡಿದಿತ್ತು.

ಹೋದ ಭಾನುವಾರ ಪಾದ್ರಿಗಳು, ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಬಾರದೆಂಬ ಯೇಸುವಿನ ಮಾತಿನ ಮೇಲೆ ಪ್ರಸಂಗ ಮಾಡಿದರು. ದರ್ಜಿಗೆ ಅಷ್ಟು ಸಾಕಾಯಿತು. ಊಟಕ್ಕೆ ಕೂತ ಕೂಡಲೇ ಶುರುಮಾಡಿದ.

“ಹೊಸ ಬಟ್ಟೇನ ಮೊದಲು ನೀರಲ್ಲಿ ನೆನೆಸಬೇಕು. ಚೆನ್ನಾಗಿ ಕುಗ್ಗಿದ ಮೇಲೆ ಹೊಲಿದ್ರೆ ಹರಿಯಲ್ಲ. ಸಂಸಾರಾನೂ ಅಷ್ಟೇ.”

ಹೊಸ ಚಿಕ್ಕಮ್ಮ ತಟ್ಟೆ ಸರಿಸಿದಳು. “ಮೂರು ವರ್ಷದಿಂದ ನೆನೀತಾನೇ ಇದ್ದೀನಿ. ಕುಗ್ಗಬೇಕಾದವಳು ನಾನೊಬ್ಬಳೇನಾ?”

ಒಳಗೆ ಹೋಗಿ ಚೀಲ ತುಂಬಿಕೊಂಡು ಬಂದಳು. ಅಣ್ಣನ ಮನೆಗೆ ಹೋಗುತ್ತೇನೆಂದಳು. ಹೋದರೆ ತಿರುಗಿ ಬರುವ ಪೈಕಿಯವಳಲ್ಲ.

ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತ. “ದೇವರು ಕೂಡಿಸಿದ್ದನ್ನ ಬಿಡಿಸಬಾರದು ಅಂತ ಬೈಬಲ್‌ನಲ್ಲಿದೆ.”

“ಹೆಂಡತೀನ ಸ್ವಂತ ಮೈಯಂಗೆ ಪ್ರೀತಿಸಬೇಕು ಅಂತಾನೂ ಅದರಲ್ಲೇ ಇದೆ. ನನ್ನ ಮೈಯಳತೆ ಎಷ್ಟು, ಹೇಳಿ ನೋಡೋಣ.”

ಊರಿಗೆಲ್ಲ ಅಳತೆ ಹೇಳುವವನು ಉತ್ತರಕ್ಕೆ ಗೋಡೆಯ ಕಡೆ ನೋಡಿದ. ಅವಳು ತೋಳೆತ್ತಿ ತನ್ನ ಗೌನಿನ ಕಂಕುಳನ್ನು ತೋರಿಸಿದಳು. ಅಲ್ಲಿ ಹೊಲಿಗೆ ಬಿಚ್ಚಿ, ಬೇರೆ ಬಟ್ಟೆಯ ಪಟ್ಟಿ ಸೇರಿಸಿ, ಕೈಯಲ್ಲೇ ಹೊಲಿದುಕೊಂಡಿದ್ದಳು. ಗೋಡೆಯ ಮೊಳೆಗೆ ತೀರಿಹೋದ ಚಿಕ್ಕಮ್ಮನ ಅಳತೆಗೆ ಕತ್ತರಿಸಿದ ರಟ್ಟುಗಳು ಇನ್ನೂ ನೇತಾಡುತ್ತಿದ್ದವು. ಇವಳ ಬಟ್ಟೆಯನ್ನೂ ಅವನು ಆ ರಟ್ಟುಗಳನ್ನಿಟ್ಟೇ ಕತ್ತರಿಸುತ್ತಿದ್ದ. ಬೇಕೆಂದು ಮಾಡಿದ್ದಲ್ಲ, ಕೈಯ ರೂಢಿ. ಆದರೂ ನನಗೆ ಸಿಟ್ಟು ಬಂತು.

“ಪ್ರತಿ ಸಲಾನೂ ಹೀಗೇನಾ?” ಎಂದ.

“ಪ್ರತಿ ಸಲ.”

ಅವನು ಬಾಗಿಲು ಬಿಟ್ಟು ಬಂದು ರಟ್ಟುಗಳನ್ನು ಮೊಳೆಯಿಂದ ತೆಗೆದ. ಎದೆಗೊತ್ತಿಕೊಂಡು, ಪೆಟ್ಟಿಗೆಯೊಳಗಿಟ್ಟು ಮುಚ್ಚಿದ.

“ಹೊಸ ಚಿಕ್ಕಮ್ಮ, ಒಂದು ನಿಮಿಷ ಕೂತ್ಕೋ” ಎಂದೆ.

“ಇನ್ನು ಮೇಲೆ ಹೊಸ ಗಿಸ ಅನ್ನಬೇಡ” ಎಂದು ಚಿಕ್ಕಪ್ಪ ನನ್ನ ಮೇಲೆ ರೇಗಿದ. ಟೇಪು ಕೈಗೆತ್ತಿಕೊಂಡ. “ಹೋಗೋದಾದ್ರೆ ತಡೆಯಲ್ಲ. ಅಳತೆ ಕೊಟ್ಟು ಹೋಗು.”

ಚಿಕ್ಕಮ್ಮ ಬಾಗಿಲ ಕಡೆ ನೋಡಿದಳು. ಅವಳ ಸಿಟ್ಟು ಇಳಿದಿರಲಿಲ್ಲ. ಆದರೆ ಅಳತೆ ಕೊಡಲು ಎರಡೂ ಕೈ ಚಾಚಬೇಕು. ಚೀಲ ಕೆಳಗಿಟ್ಟಳು.